ಬ್ರೇಕು ಸರಿಯಾಗಿತ್ತು

ರಾಜಾಜಿನಗರ, ಬೆಂಗಳೂರು
೯ ನವೆಂಬರ್ ೧೯೫೫

ಅಕ್ಕನ ಪಾದಗಳಿಗೆ ಗುರುಬಸಪ್ಪ ಮಾಡುವ ನಮಸ್ಕಾರ.

ಶಿವಕ್ಕನ ಮದುವೆಯ ಕರೆಯೋಲೆ ಸೋಮವಾರ ತಲುಪಿತು. ಜಯದೇವಿ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಮೊನ್ನೆ ಮೊನ್ನೆ ಸೋದರಮಾವನಾದ ನನ್ನ ಹೆಗಲೇರಿ ದಾವಣಗೆರೆಯ ಸಂತೆ ನೋಡುತ್ತಿದ್ದ ಹುಡುಗಿಗೆ ಮದುವೆ ಅಂದರೆ ನಂಬಲಿಕ್ಕೇ ಆಗುವುದಿಲ್ಲ.

ಅಕ್ಕಾ, ನನಗೆ ಬರಲು ಆಗುವುದಿಲ್ಲ. ಕಚೇರಿಯಲ್ಲಿ ತಪಾಸಣೆಯವರು ಬರುವವರಿದ್ದಾರೆ, ರಜೆ ಕೇಳುವ ಹಾಗೆಯೇ ಇಲ್ಲ. ಜಯದೇವಿಯನ್ನಾದರೂ ಕಳಿಸೋಣ ಎಂದರೆ ಒಬ್ಬಳನ್ನೇ ರೈಲಿಗೆ ಹತ್ತಿಸಲು ಮನಸ್ಸು ಒಪ್ಪುವುದಿಲ್ಲ. ಸೀರೆಯೊಂದನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಬಣ್ಣ ಜಯದೇವಿ ಆರಿಸಿದ್ದು.

ಬಿಡುವಿನಲ್ಲಿ ಮನೆಯಲ್ಲೇ ಹಳೇ ಸೈಕಲ್ಲುಗಳನ್ನು ರಿಪೇರಿ ಮಾಡುವುದು ರೂಢಿಯಾಗಿದೆ. ಹೋದ ತಿಂಗಳು ಒಬ್ಬರು ಹತ್ತು ವರ್ಷ ಕೊಟ್ಟಿಗೆಯಲ್ಲಿ ಬಿದ್ದಿದ್ದ ಸೈಕಲ್ಲು ತಂದುಕೊಟ್ಟರು. ಕೋಳಿಗಳು ಅದರ ಕ್ಯಾರಿಯರಿನ ಮೇಲೆ ಮಲಗುತ್ತಿದ್ದವಂತೆ. ಪೂರ್ತಿ ಬಿಚ್ಚಿ, ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದೆ. ರಿಮ್ಮು ಓರೆಯಾಗಿತ್ತು. ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ, ಸಡಿಲ ಇದ್ದದ್ದನ್ನು ಬಿಗಿ ಮಾಡುತ್ತಾ ಕೂತರೆ ಮಧ್ಯಾಹ್ನ ಕಳೆದುಹೋಗುತ್ತದೆ. ಎಂಟು ದಿನಕ್ಕೆ ಚಕ್ರ ನೆಟ್ಟಗೆ ತಿರುಗಿತು. ಬ್ರೇಕಿಗೆ ಹೊಸ ರಬ್ಬರು ಹಾಕಿ ಕೊಟ್ಟೆ. ಇನ್ನು ಎಂಥ ಇಳಿಜಾರಿನಲ್ಲೂ ಅದು ನಿಲ್ಲುತ್ತದೆ.

ಭಾವನವರಿಗೆ ನನ್ನ ನಮಸ್ಕಾರ ಹೇಳು. ನನ್ನ ಮೇಲೆ ಬೇಜಾರು ಮಾಡಿಕೊಳ್ಳಬೇಡ.

ನಿನ್ನ ತಮ್ಮ,
ಗುರುಬಸಪ್ಪ


ದಾವಣಗೆರೆ
೨ ಡಿಸೆಂಬರ್ ೧೯೫೫

ಗುರುಬಸಪ್ಪನಿಗೆ,

ಮದುವೆ ಮುಗಿಯಿತು. ಶಿವಕ್ಕನನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಹೊತ್ತಿನಲ್ಲಿ ಪುರೋಹಿತರು, "ಸೋದರಮಾವ ಎಲ್ಲವ್ವಾ?" ಅಂದರು. ಕೇರಿಯ ಹೆಣ್ಣುಮಕ್ಕಳೆಲ್ಲ ನನ್ನ ಮುಖ ನೋಡಿದರು. ಕೊನೆಗೆ ನಿಮ್ಮ ಭಾವನ ದಾಯಾದಿಯೊಬ್ಬರು ಎದ್ದು ಬಂದರು. ಹುಡುಗಿ ಹಸೆಮಣೆಯ ಮೇಲೆ ಕೂತು ಅತ್ತಳು. ಎಲ್ಲರೂ ತವರು ಬಿಡುವ ದುಃಖ ಅಂದುಕೊಂಡರು.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಮದುವೆಗೆ ಬಂದಿದ್ದ ನಮ್ಮ ಕೇರಿಯ ಸೋಮಲಿಂಗಪ್ಪನವರು ಹೋದ ತಿಂಗಳು ಬೆಂಗಳೂರಿಗೆ ಹೋದಾಗ ನಿನ್ನನ್ನು ನೋಡೋಣವೆಂದು ಕಚೇರಿಗೆ ಹೋಗಿದ್ದರಂತೆ. "ಆತ ಫೆಬ್ರವರಿಯಿಂದ ಬರ್ತಾ ಇಲ್ಲ, ಸಂಬಳವಿಲ್ಲದ ರಜೆ ಹಾಕಿದಾನೆ" ಅಂದರಂತೆ ಅಲ್ಲಿ. ಹಾಗಾದರೆ ತಪಾಸಣೆ ಎಲ್ಲಿಯದು?

ಅವ್ವ ಹೋದಾಗ ನಿನಗೆ ಮೂರು ವರ್ಷ, ನನಗೆ ಹನ್ನೆರಡು. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ನೀನು ಸುಳ್ಳು ಬರೆದಿದ್ದೀಯ. ನಿನ್ನ ಸೈಕಲ್ಲಿಗೆ ಸಿಕ್ಕ ಆ ಮುದುಕಿಯ ಪ್ರಕರಣ ಆಗ ಏನೂ ಇಲ್ಲವೆಂದು ಮುಗಿಯಿತಲ್ಲ? ಪೊಲೀಸರೇ ನಿನ್ನದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟರೆಂದು ನೀನೇ ತಿಳಿಸಿದ್ದೆ. ಮತ್ತೆ ಏನಾಗಿದೆ ನಿನಗೆ?

ಗಿರಿಜಾದೇವಿ


ರಾಜಾಜಿನಗರ
೧೪ ಡಿಸೆಂಬರ್ ೧೯೫೫

ಪೂಜ್ಯ ಅಕ್ಕನವರಿಗೆ ಜಯದೇವಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ಅವರು ಅದನ್ನು ಎರಡು ಸಲ ಓದಿ, ಮಡಿಸಿ, ನಟ್ಟು ಬಿಚ್ಚುವ ಪಾನ, ಇಕ್ಕಳಗಳ ಪೆಟ್ಟಿಗೆಯಲ್ಲಿ ಇಟ್ಟರು. ಉತ್ತರ ಬರೆಯಲಿಲ್ಲ. ಅವರಿಗೆ ತಿಳಿಯದಂತೆ ನಾನೇ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ಅಕ್ಕಾ, ಅವರು ಗೇಟು ದಾಟಿ ಹತ್ತು ತಿಂಗಳಾಯಿತು. ಉತ್ಪ್ರೇಕ್ಷೆಯಲ್ಲ. ಆ ಮುದುಕಿ ತೀರಿಕೊಂಡ ವಾರ ಪೊಲೀಸ್ ಠಾಣೆಗೆ ಹೋಗಿ ಬಂದದ್ದೇ ಕಡೆ. ಮೊದಲು ಜ್ವರ ಎಂದರು. ಆಮೇಲೆ ಒಂದು ದಿನ ಶರ್ಟು ಹಾಕಿ ಹೊರಟವರು ಗೇಟಿನ ಚಿಲಕ ಹಿಡಿದು ಹಾಗೇ ನಿಂತರು. ಮೈಯೆಲ್ಲ ಬೆವರು. "ಆಗಲ್ಲ ಕಣೇ" ಎಂದು ಒಳಗೆ ಬಂದರು. ಹೊರಡುವ ಪ್ರಯತ್ನ ಮಾಡಿದ್ದು ಅದೇ ಕೊನೆ.

ಸೈಕಲ್ಲುಗಳ ವಿಷಯ ನಿಜ. ಬಿನ್ನಿಪೇಟೆಯ ಗಿರಣಿಯವರು, ಇಲ್ಲಿನ ಕಾರ್ಖಾನೆಯವರು ಗೇಟಿನ ಬಳಿ ತಂದು ಬಿಡುತ್ತಾರೆ. ಬೇಕಾದ ಸಾಮಾನು ಅಂಗಡಿಯಿಂದ ನಾನು ತರುತ್ತೇನೆ. ಪಡಸಾಲೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಅನ್ನಕ್ಕೂ ಸೀಮೆಎಣ್ಣೆಯ ವಾಸನೆ. ಯಾರು ಯಾವ ರಿಪೇರಿಗೆ ಕೊಟ್ಟರೂ ಇವರು ಮೊದಲು ಕೈ ಹಾಕುವುದು ಬ್ರೇಕಿಗೆ. ಪಂಚರ್ ಹಾಕಿಸಲು ಬಂದವರ ಬ್ರೇಕನ್ನೂ ಬಿಚ್ಚುತ್ತಾರೆ. "ಅದು ಚೆನ್ನಾಗೇ ಇದೆ ಸಾರ್" ಅಂದರೆ, "ನಿಮಗೆ ಗೊತ್ತಾಗಲ್ಲ ಬಿಡಿ" ಅನ್ನುತ್ತಾರೆ.

ನಾನು ಅಂಗಡಿಗೆ ಹೋಗಿ ಸ್ವಲ್ಪ ತಡವಾದರೆ ಗೇಟಿನ ಸರಳು ಹಿಡಿದು ನಿಂತಿರುತ್ತಾರೆ. ಕೈ ಬೆಳ್ಳಗಾಗಿರುತ್ತದೆ. ಬೈಯುವುದಿಲ್ಲ, "ಬಂದ್ಯಾ" ಎಂದಷ್ಟೇ ಕೇಳಿ ತಿರುಗಿ ಹೋಗುತ್ತಾರೆ. ಅದನ್ನು ನೋಡಲಾರದೆ ನಾನೂ ಈಗ ಹೊರಗೆ ಹೋಗುವುದನ್ನು ಕಡಿಮೆ ಮಾಡಿದ್ದೇನೆ. ಪಕ್ಕದ ಮನೆಯ ಲಿಂಗಮ್ಮನವರು ಹರಿಕಥೆಗೆ ಕರೆದರೆ ತಲೆನೋವು ಎನ್ನುತ್ತೇನೆ.

ಇನ್ನೊಂದು ವಿಷಯ. ನನಗೀಗ ನಾಲ್ಕು ತಿಂಗಳು. ಹೆರಿಗೆಗೆ ತುಮಕೂರಿಗೆ ಕಳಿಸಿ ಎಂದು ನನ್ನ ತಾಯಿ ಬರೆದರೆ, "ರಸ್ತೆಯಲ್ಲಿ ಏನಾದರೂ ಆದರೆ?" ಎನ್ನುತ್ತಾರೆ. ನೀವು ಗದರಿಸಿದರೆ ಅವರು ಇನ್ನೂ ಒಳಕ್ಕೆ ಹೋಗುತ್ತಾರೆ. ಹೇಗಾದರೂ ಮಾಡಿ ಮಾತಾಡಿಸಿ.

ಜಯದೇವಿ


ದಾವಣಗೆರೆ
೫ ಜನವರಿ ೧೯೫೬

ತಮ್ಮಾ,

ನನಗೆ ಸಿಟ್ಟಿಲ್ಲ. ಶಿವಕ್ಕನೂ ನಿನ್ನ ಸೀರೆಯನ್ನೇ ಉಟ್ಟು ಗಂಡನ ಮನೆಗೆ ಹೋದಳು.

ಸಣ್ಣವನಿದ್ದಾಗ ನೀನು ಏನಾದರೂ ಮುರಿದರೆ ಕಣಜದ ಹಿಂದೆ ಹೋಗಿ ಕೂತುಬಿಡುತ್ತಿದ್ದೆ. ಯಾರು ಕರೆದರೂ ಬರುತ್ತಿರಲಿಲ್ಲ. ನಾನು ಬಂದು ಪಕ್ಕದಲ್ಲಿ ಕೂತರೆ ನೀನೇ ಮೆಲ್ಲಗೆ ಹೇಳುತ್ತಿದ್ದೆ. ಈಗಲೂ ಪಕ್ಕದಲ್ಲಿ ಕೂತಿದ್ದೇನೆ ಅಂದುಕೋ. ಏನಿದ್ದರೂ ಬರೆ.

ಅಕ್ಕ


ರಾಜಾಜಿನಗರ
೧೭ ಜನವರಿ ೧೯೫೬

ಅಕ್ಕಾ,

ನಾಲ್ಕು ಹಾಳೆ ಹರಿದು ಇದು ಐದನೆಯದು.

ಹೋದ ವರ್ಷ ಫೆಬ್ರವರಿ ಎಂಟು, ಮಂಗಳವಾರ. ಕಚೇರಿಗೆ ಹೊತ್ತಾಗಿತ್ತು. ನನ್ನ ಸೈಕಲ್ಲಿನ ಬ್ರೇಕಿನ ರಬ್ಬರು ಪೂರ್ತಿ ಸವೆದು ಒಂದು ತಿಂಗಳಾಗಿತ್ತು. ಹಿಡಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರ್ ಎನ್ನುತ್ತಿತ್ತೇ ಹೊರತು ಚಕ್ರ ನಿಲ್ಲುತ್ತಿರಲಿಲ್ಲ. ನನಗೆ ಗೊತ್ತಿತ್ತು. ಭಾನುವಾರ ಹಾಕಿಸೋಣ, ಮುಂದಿನ ಭಾನುವಾರ ಹಾಕಿಸೋಣ ಎಂದು ತಳ್ಳುತ್ತಲೇ ಬಂದೆ. ಕಾಲು ಊರಿ ನಿಲ್ಲಿಸುವುದು ಅಭ್ಯಾಸವಾಗಿಬಿಟ್ಟಿತ್ತು.

ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಜೋರಾಗಿ ಇಳಿಯುತ್ತಿದ್ದೆ. ಹೊಸಹಳ್ಳಿಯ ಹನುಮಕ್ಕ ಎಂಬ ಮುದುಕಿ ಸೊಪ್ಪಿನ ಪುಟ್ಟಿ ಹೊತ್ತು ರಸ್ತೆಯ ಬದಿಯಲ್ಲಿ ನಿಂತಿದ್ದಳು. ಬಿನ್ನಿಪೇಟೆಯ ಗಿರಣಿಯವರ ಲೈನು ಮನೆಗಳಿಗೆ ಮಾರಲು ಹೊರಟಿದ್ದಳಂತೆ. ಆಕೆ ಎರಡೂ ಕಡೆ ನೋಡಿದಳು, ಅಕ್ಕಾ. ನನ್ನನ್ನೂ ನೋಡಿದಳು. ನೋಡಿ, ತಡಿ ಎನ್ನುವಂತೆ ಒಂದು ಕೈ ಎತ್ತಿ ರಸ್ತೆಗೆ ಕಾಲಿಟ್ಟಳು. ನಾನು ಇನ್ನೂ ದೂರ ಇದ್ದೆ. ಬ್ರೇಕಿದ್ದ ಯಾರಾದರೂ ನಿಲ್ಲಿಸಬಹುದಾದಷ್ಟು ದೂರ. ಕಾಲು ಊರಿದೆ, ಚಪ್ಪಲಿ ಕಿತ್ತುಹೋಯಿತು. ಆಕೆ ಬಿದ್ದು ಮೈಲಿಗಲ್ಲಿಗೆ ತಲೆ ಬಡಿಯಿತು. ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಆಕೆ ತೀರಿಕೊಂಡ ದಿನ ಸಂಜೆ ಯಾರೋ ಬಂದು, "ನಾಳೆ ಪೊಲೀಸರು ಸೈಕಲ್ ನೋಡಕ್ಕೆ ಬರ್ತಾರೆ" ಅಂದರು. ನಾನು ಅಂಗಡಿಗೆ ಹೋಗಿ ನಾಲ್ಕು ರಬ್ಬರು ತಂದು, ಹಿತ್ತಲಲ್ಲಿ ಕೂತು ಹಾಕಿದೆ. ಹೊಸದಾಗಿ ಕಾಣಬಾರದೆಂದು ಮಣ್ಣು ಸವರಿದೆ. ಬೆಳಿಗ್ಗೆ ಬಂದ ಕಾನ್‌ಸ್ಟೇಬಲ್ಲು ಬ್ರೇಕು ಹಿಡಿದು ನೋಡಿ, "ಸರಿಯಾಗೈತೆ" ಎಂದು ಬರೆದುಕೊಂಡ. ಠಾಣೆಯಲ್ಲಿ ನಾನು, ಮುದುಕಿ ನೋಡದೆ ಏಕಾಏಕಿ ಅಡ್ಡ ಬಂದಳು ಎಂದೆ. ಹಾಗೆಂದೇ ದಾಖಲಾಯಿತು. ಆಕೆಯ ಮಗ ಅಲ್ಲೇ ಬೆಂಚಿನ ಮೇಲೆ ಕೂತು ಕೇಳುತ್ತಿದ್ದ.

ನಾನು ಕೈಯಾರೆ ಮಾಡಿದ ಮೊದಲ ರಿಪೇರಿ ಅದು. ಆಮೇಲೆ ಆ ಸೈಕಲ್ಲನ್ನು ಬಿಚ್ಚಿ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದೆ. ಬೇರೆಯವರದ್ದನ್ನು ಜೋಡಿಸುತ್ತಾ ಕೂತಿದ್ದೇನೆ. ಗೇಟಿನ ಬಳಿ ಹೋದರೆ ಆ ಎತ್ತಿದ ಕೈ ಕಾಣುತ್ತದೆ. ಜಯದೇವಿಗೆ ಹೇಳಿಲ್ಲ.

ಗುರುಬಸಪ್ಪ


ದಾವಣಗೆರೆ
೨೬ ಜನವರಿ ೧೯೫೬

ಗುರುಬಸಪ್ಪ,

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ನಿಮ್ಮ ಭಾವನಿಗೂ ತೋರಿಸಲಿಲ್ಲ. ಇನ್ನು ಮೇಲೆ ಈ ಮಾತು ನಿನ್ನ ಬಾಯಿಂದ ಬರಕೂಡದು, ಬರೆಯಲೂ ಕೂಡದು. ಜಯದೇವಿಗೂ ತಿಳಿಯುವುದು ಬೇಡ.

ತಪ್ಪಾಯಿತು, ಇಲ್ಲವೆನ್ನುವುದಿಲ್ಲ. ಆದರೆ ನೀನು ಬಾಯಿಬಿಟ್ಟರೆ ಹೋದ ಜೀವ ಬರುತ್ತದೆಯೇ? ನಿನಗೆ ಜೈಲಾಗುತ್ತದೆ. ಕೆಲಸ ಹೋಗುತ್ತದೆ. ಹುಟ್ಟುವ ಮಗುವಿಗೆ ಆ ಹೆಸರು ಅಂಟುತ್ತದೆ. ಶಿವಕ್ಕನ ಅತ್ತೆಮನೆಯವರು ಮಾತಿಗೆ ಕಾಯುವ ಜನ. ನೀನು ಮದುವೆಗೆ ಬಾರದ್ದಕ್ಕೇ ಆಕೆ ಮೂರು ದಿನ ಮಾತು ಕೇಳಿದ್ದಾಳೆ.

ಆ ಮನೆ ಖಾಲಿ ಮಾಡಿ ಇಲ್ಲಿಗೆ ಬನ್ನಿ. ಪೇಟೆಯಲ್ಲಿ ಸೈಕಲ್ ಅಂಗಡಿ ಇಡು, ಭಾವ ಜಾಗ ನೋಡುತ್ತಾರೆ. ಇಲ್ಲಿ ನಿನಗೆ ಯಾರ ಕೈಯೂ ಕಾಣುವುದಿಲ್ಲ. ನನ್ನ ಮೇಲೆ ಆಣೆ.

ಅಕ್ಕ


ರಾಜಾಜಿನಗರ
೧೮ ಮಾರ್ಚ್ ೧೯೫೬, ಭಾನುವಾರ ಸಂಜೆ

ಅಕ್ಕಾ,

ಇಷ್ಟು ದಿನ ನಿನಗೆ ಉತ್ತರ ಬರೆಯಲಿಲ್ಲ. ದಾವಣಗೆರೆಗೆ ಬರುವುದೆಂದು ಒಂದು ಸಲ ಪೆಟ್ಟಿಗೆಯನ್ನೂ ಇಳಿಸಿದ್ದೆ. ಅಷ್ಟರಲ್ಲಿ ನಡೆದದ್ದನ್ನು ಹೇಳುತ್ತೇನೆ.

ಹೋದ ಸೋಮವಾರ ಗೇಟಿನ ಬಳಿ ಒಬ್ಬ ಸೈಕಲ್ ಹಿಡಿದು ನಿಂತಿದ್ದ. "ರಿಪೇರಿ ಗುರುಬಸಪ್ನೋರು ನೀವೇ ಅಲ್ವಾ?" ಅಂದ. ಹೌದೆಂದೆ.

"ನಾನು ಹೊಸಳ್ಳಿ ಬೈರಪ್ಪ. ಹನುಮಕ್ಕನ ಮಗ."

ನನ್ನ ಕೈಯಲ್ಲಿದ್ದ ಪಾನ ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಟ್ಟ. "ಬ್ರೇಕ್ ಹಿಡೀತಿಲ್ಲ. ಬ್ರೇಕ್ ಅಂದ್ರೆ ನೀವೇ ಅಂತಾರೆ ಎಲ್ರೂವೆ. ಸುಳ್ಳ್ಯಾಕೆ, ಅದಕ್ಕೇ ಬಂದೋನಲ್ಲ ನಾನು. ನಮ್ಮಪ್ಪ ಒಂದೊರ್ಸದಿಂದ ಸರಿಯಾಗಿ ಉಣ್ತಾ ಇಲ್ಲ. ಆವಯ್ಯನ್ನ ಒಂದ್ಸಲ ಕರ್ಕೊಂಡು ಬಾ, ಒಂದು ಮಾತು ಕೇಳ್ಬೇಕು ಅಂತಾನೆ. ಏನು ಮಾತು ಅಂದ್ರೆ ನಂಗೂ ಹೇಳಲ್ಲ."

"ನಾನು ಹೊರಗೆ ಹೋಗೋದಿಲ್ಲ" ಅಂದೆ.

ಅವನು ನನ್ನನ್ನೇ ನೋಡಿದ. "ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಅಂತ ತಿಳ್ಕೋಬ್ಯಾಡಿ. ಐತೆ. ಆದ್ರೂ ಕರೀತಾ ಇವ್ನಿ" ಎಂದು ಸೈಕಲ್ ಬಿಟ್ಟು ನಡೆದುಹೋದ.

ಬ್ರೇಕನ್ನು ಅವತ್ತೇ ಸರಿಮಾಡಿದೆ. ಬುಧವಾರ ಗೇಟು ತೆಗೆದು ರಸ್ತೆಯ ತಿರುವಿನವರೆಗೆ ಹೋಗಿ ಓಡಿ ಬಂದೆ. ಶುಕ್ರವಾರ ಅಲ್ಲಿಂದ ಇನ್ನೂ ನಾಲ್ಕು ಮನೆ ದಾಟಿದೆ. ಇವತ್ತು ಬೆಳಿಗ್ಗೆ ಜಯದೇವಿ ಏನೂ ಕೇಳದೆ ನನ್ನ ಶರ್ಟು ತಂದುಕೊಟ್ಟಳು. "ನಾನೂ ಬರ್ಲಾ?" ಅಂದಳು. ಬೇಡವೆಂದೆ. ಬೈರಪ್ಪನ ಸೈಕಲ್ಲನ್ನು ತಳ್ಳಿಕೊಂಡೇ ಹೊರಟೆ. ಅದರ ಹ್ಯಾಂಡಲ್ಲು ಹಿಡಿದಿದ್ದರಿಂದ ಬೀಳಲಿಲ್ಲ ಅನ್ನಿಸುತ್ತದೆ. ಮಾಗಡಿ ರಸ್ತೆಯ ಬದಿಯಲ್ಲಿ ಎರಡು ಸಲ ಕೂತೆ. ಆ ಮೈಲಿಗಲ್ಲಿನ ಕಡೆ ನೋಡಲಿಲ್ಲ.

ಹೊಸಹಳ್ಳಿಯಲ್ಲಿ ಅವರ ಮನೆಯ ಜಗಲಿಯ ಮೇಲೆ ಮುದುಕ ದೊಡ್ಡಣ್ಣ ಕೂತಿದ್ದ. ಹನುಮಕ್ಕನ ಗಂಡ. ದೃಷ್ಟಿ ಅಷ್ಟಾಗಿ ಇಲ್ಲ. ಬೈರಪ್ಪ ಕಿವಿಯಲ್ಲಿ ಹೇಳಿದ ಮೇಲೆ ಮುಖ ನನ್ನ ಕಡೆ ತಿರುಗಿಸಿದ.

"ಬಂದ್ಯಾ? ಕೂತ್ಕೊ. ಒಂದೇ ಮಾತು. ಅವತ್ತು ಹೊತ್ತಾರೆ ನಾನು ಅವಳನ್ನ ಬೈದಿದ್ದೆ. ಬಾಯಿಗೆ ಬಂದಂಗೆ ಬೈದೆ. ಇನ್ನು ಈ ಮನೆಗೆ ಬರಕ್ಕಿಲ್ಲ ಅಂದ್ಬುಟ್ಟು ಹೋದ್ಲು. ಪೊಲೀಸ್ನೋರು, ನೋಡ್ದೆ ಅಡ್ಡ ನುಗ್ಗಿದ್ಲು ಅಂದ್ರು. ಅವಳು ಅಂಥೋಳಲ್ಲ. ಮೂವತ್ತೊರ್ಸ ಆ ರಸ್ತೆ ದಾಟವ್ಳೆ. ನೀನು ಕಣ್ಣಾರೆ ಕಂಡೋನು. ನಿಜ ಹೇಳು. ಬೇಕಂತ ಬಂದು ಬಿದ್ಲಾ?"

ಅಕ್ಕಾ, ನೀನು ಹಾಕಿದ ಆಣೆ ನೆನಪಿತ್ತು. ಗೊತ್ತಿಲ್ಲ ಅಂದು ಎದ್ದು ಬರಬಹುದಾಗಿತ್ತು. ಆ ಮುದುಕ ಒಂದು ವರ್ಷ ಆ ಜಗಲಿಯ ಮೇಲೆ, ಹೆಂಡತಿಯನ್ನು ತಾನೇ ಸಾಯಿಸಿದೆ ಎಂದುಕೊಂಡು ಕೂತಿದ್ದಾನೆ. ಅವನನ್ನು ಅಲ್ಲಿ ಕೂರಿಸಿದವನು ನಾನು.

"ಇಲ್ಲ, ಯಜಮಾನ್ರೇ" ಅಂದೆ. "ಎರಡೂ ಕಡೆ ನೋಡಿದ್ರು. ತಡಿ ಅಂತ ನನಗೆ ಕೈ ಎತ್ತಿದ್ರು. ನಾನು ನಿಲ್ಲಿಸ್ತೀನಿ ಅಂತ ನಂಬಿ ಕಾಲಿಟ್ರು. ನನ್ನ ಸೈಕಲ್ಲಿಗೆ ಬ್ರೇಕಿರಲಿಲ್ಲ. ಆಮೇಲೆ ಹಾಕಿದೆ. ಸ್ಟೇಷನ್ನಲ್ಲಿ ಸುಳ್ಳು ಹೇಳಿದೆ."

ಬೈರಪ್ಪ ನನ್ನ ಕೊರಳಪಟ್ಟಿ ಹಿಡಿದು ಎತ್ತಿದ. ಒಳಗಿನಿಂದ ಹೆಂಗಸರು ಓಡಿ ಬಂದರು. ಮುದುಕ ಕೂಗಲಿಲ್ಲ. ಅಂಗೈಯಿಂದ ಜಗಲಿಯನ್ನು ಬಡಿಯುತ್ತಲೇ ಇದ್ದ. "ನಿಲ್ಲಿಸ್ತಾನೆ ಅಂದ್ಕೊಂಡ್ಲು. ನಿಲ್ಲಿಸ್ತಾನೆ ಅಂತ್ಲೇ ಬಂದ್ಲು" ಅನ್ನುತ್ತಿದ್ದ. ಆಮೇಲೆ ಅತ್ತ. ಅತ್ತು ಮುಗಿದ ಮೇಲೆ ಹೇಳಿದ:

"ಬಿಡೋ ಅವನನ್ನ. ಹೊಡದ್ರೆ ಏನು ಬಂತು. ನೀನು ಸ್ಟೇಷನ್ಗೋಗಿ ಇದ್ನೇ ಹೇಳು. ಸರ್ಕಾರದ ಕಾಗ್ದದಾಗೆ ಅವಳದ್ದೇ ತಪ್ಪು ಅಂತ ಕುಂತೈತಲ್ಲ, ಅದು ಹೋಗ್ಬೇಕು. ಆಮ್ಯಾಕೆ ಈ ಕಡೀಕೆ ಬರಬ್ಯಾಡ. ನಿನ್ ದನಿ ನಂಗೆ ಬ್ಯಾಡ."

ಮನೆಗೆ ಬಂದು ಜಯದೇವಿಗೆ ಎಲ್ಲ ಹೇಳಿದೆ. ನಾಳೆ ಬೆಳಿಗ್ಗೆ ಠಾಣೆಗೆ ಹೋಗುತ್ತೇನೆ. ನಿನ್ನ ಮಾತು ಮೀರಿದ್ದೇನೆ. ಮೊದಲ ಸಲ ಅಲ್ಲವೇ? ನನಗೆ ಹೆದರಿಕೆ ಹೋಗಿಲ್ಲ.

ಗುರುಬಸಪ್ಪ


ರಾಜಾಜಿನಗರ
೧೨ ಆಗಸ್ಟ್ ೧೯೫೬

ಪೂಜ್ಯ ಅಕ್ಕನವರಿಗೆ ಜಯದೇವಿಯ ನಮಸ್ಕಾರಗಳು.

ಮಾರ್ಚಿನಿಂದ ನಿಮಗೆ ನಾಲ್ಕು ಕಾಗದ ಹೋಗಿವೆ. ಒಂದಕ್ಕೂ ಉತ್ತರ ಬಂದಿಲ್ಲ. ಮೇ ತಿಂಗಳಲ್ಲಿ ತುಮಕೂರಿನಲ್ಲಿ ನನಗೆ ಹೆಣ್ಣುಮಗು ಆಯಿತೆಂದು ನನ್ನ ತಾಯಿ ಬರೆದದ್ದೂ ತಲುಪಿರಬೇಕು. ನನ್ನನ್ನು ರೈಲಿಗೆ ಹತ್ತಿಸಿದವರು ಅವರೇ. ಸ್ಟೇಷನ್ನಿನಲ್ಲಿ ಕಂಬ ಹಿಡಿದು ನಿಂತಿದ್ದರು, ಆದರೆ ರೈಲು ಹೊರಡುವವರೆಗೂ ಅಲ್ಲೇ ಇದ್ದರು.

ಗುರುವಾರ ಕೋರ್ಟಿನಲ್ಲಿ ತೀರ್ಪಾಯಿತು. ತಾವಾಗಿಯೇ ಬಂದು ಒಪ್ಪಿಕೊಂಡದ್ದನ್ನು ಮ್ಯಾಜಿಸ್ಟ್ರೇಟರು ಗಮನಕ್ಕೆ ತೆಗೆದುಕೊಂಡರಂತೆ. ಮೂರು ತಿಂಗಳ ಸಜೆ ಎಂದರು. ಕಚೇರಿಯ ಕೆಲಸ ಹೋದ ಹಾಗೆಯೇ. ಮಗುವನ್ನು ಎತ್ತಿಕೊಂಡು ನಾನೂ ಹೋಗಿದ್ದೆ. ಹೊಸಹಳ್ಳಿಯಿಂದ ದೊಡ್ಡಣ್ಣನವರನ್ನು ಬೈರಪ್ಪ ಕೈಹಿಡಿದು ಕರೆತಂದಿದ್ದರು. ಓದುತ್ತಿದ್ದದ್ದೆಲ್ಲ ಇಂಗ್ಲಿಷು. ಮುದುಕರು ತಡೆಯಲಾರದೆ ಎದ್ದು ನಿಂತು, "ಬುದ್ಧೀ, ಅವಳ ವಿಚಾರ ಏನಂತ ಬರ್ದವ್ರೆ?" ಎಂದು ಗಟ್ಟಿಯಾಗಿ ಕೇಳಿದರು. ಜವಾನ ಗದರಿದ. ಮ್ಯಾಜಿಸ್ಟ್ರೇಟರು ಅವನನ್ನು ತಡೆದು, ಕನ್ನಡಕ ತೆಗೆದು, ಕನ್ನಡದಲ್ಲಿ ಹೇಳಿದರು: "ಹನುಮಕ್ಕನದು ಯಾವ ತಪ್ಪೂ ಇಲ್ಲ." ಮುದುಕರು ಆ ಕಡೆಗೆ ಕೈಮುಗಿದರು. ನಮ್ಮ ಕಡೆ ತಿರುಗದೆ ಮಗನ ಹೆಗಲು ಹಿಡಿದು ಹೊರಟುಹೋದರು.

ಅಕ್ಕಾ, ನಿಮಗೊಂದು ಹೇಳಬೇಕು, ಇದನ್ನು ಅವರಿಗೂ ತೀರ್ಪಿನ ಹಿಂದಿನ ರಾತ್ರಿಯಷ್ಟೇ ಹೇಳಿದೆ. ಆ ಸೈಕಲ್ಲು ಕಿರುಗುಟ್ಟುತ್ತಾ ಬಂದು ಮನೆ ಮುಂದೆ ನಿಲ್ಲುವ ಸದ್ದು ಕೇಳಿ ನಾನು ದಿನಾ ಸಂಜೆ ಕಾಫಿಗೆ ನೀರಿಡುತ್ತಿದ್ದೆ. ಪೊಲೀಸಿನವನು ಬ್ರೇಕು ಹಿಡಿದಾಗ ಸದ್ದೇ ಬರಲಿಲ್ಲ. ಅಡಿಗೆಮನೆಯಲ್ಲಿ ನಿಂತು ನಾನು ಅದನ್ನು ಕೇಳಿಸಿಕೊಂಡೆ. ಹಿತ್ತಲಲ್ಲಿ ಸವೆದ ರಬ್ಬರಿನ ಚೂರುಗಳೂ ಸಿಕ್ಕಿದವು. ಗುಡಿಸಿ ಎಸೆದೆ. ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದರೋ ಏನೋ. ಕೇಳದೆ ಹದಿಮೂರು ತಿಂಗಳು ಅವರ ಜೊತೆ ಆ ಮನೆಯೊಳಗೆ ಕೂತಿದ್ದೆ.

ನಿನ್ನೆ ಜೈಲಿಗೆ ಹೋಗಿ ನೋಡಿ ಬಂದೆ. ಎರಡೇ ದಿನಕ್ಕೆ ಇಳಿದಿದ್ದಾರೆ. ಊಟ ಸೇರುವುದಿಲ್ಲ. ಕಂಬಿಯ ಆಚೆಯಿಂದ ಮಗುವಿನ ಕಾಲು ಮುಟ್ಟಿದರು. ಮೊದಲು ಕೇಳಿದ್ದು, "ಅಕ್ಕನ ಕಾಗದ ಬಂತಾ?" ಎಂದು. ಅಂಚೆ ತಡವಾಗಿರಬೇಕು ಅಂದೆ. ಕೋರ್ಟಿಗೆ ಹೊರಟ ದಿನವೂ ಅವರು ಕೇಳಿದ್ದರು, ಆಗಲೂ ಹಾಗೆಯೇ ಅಂದಿದ್ದೆ.

ಬಸ್ಸಿನಲ್ಲಿ ಬರುವಾಗ ನನಗೇ ನಾಚಿಕೆಯಾಯಿತು. ಮುಂದಿನ ಶನಿವಾರ ಮತ್ತೆ ಹೋಗುತ್ತೇನೆ. ಮತ್ತೆ ಕೇಳುತ್ತಾರೆ. ಅವರಿಗೆ ಇನ್ನೊಂದು ಸಲ ಆ ಮಾತು ಹೇಳಲಾರೆ. ಸಿಟ್ಟಿದ್ದರೆ ಸಿಟ್ಟಿದೆ ಎಂದೇ ಬರೆಯಿರಿ, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದೇ ಬರೆಯಿರಿ. ಹಾಗೆಯೇ ಓದಿ ಹೇಳುತ್ತೇನೆ.

ಜಯದೇವಿ